ಅಡುಗೆಮನೆಯ ರೇಡಿಯೋ, ಹಿತ್ತಲಿನ ಪಂಪು

ನಮಸ್ಕಾರ. ಇವತ್ತು ಶೇಮಸ್ ಹೀನಿ ಎಂಬ ಐರಿಷ್ ಕವಿಯ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇನೆ. ನೀವು ಕೇಳುತ್ತಿರುವುದು ರೇಡಿಯೋ ಅಲ್ವಾ? ಹಾಗಾಗಿ ಅವರ ಮನೆಯ ರೇಡಿಯೋದಿಂದಲೇ ಶುರು ಮಾಡುತ್ತೇನೆ.

ಉತ್ತರ ಐರ್ಲೆಂಡಿನ ಡೆರ್ರಿ ಕೌಂಟಿಯಲ್ಲಿ ಮಾಸ್‌ಬಾನ್ ಎಂಬ ಹೊಲಮನೆ. ಹುಲ್ಲಿನ ಮಾಡು, ಮೂರೇ ಕೋಣೆ. 1939ರ ಏಪ್ರಿಲ್‌ನಲ್ಲಿ ಹುಟ್ಟಿದ ಹೀನಿ ಆ ಮನೆಯ ಹಿರಿಮಗ. ಆಮೇಲೆ ಎಂಟು ಮಕ್ಕಳು ಹುಟ್ಟಿದರು. ಅಪ್ಪ ಬೇಸಾಯದ ಜೊತೆ ದನದ ವ್ಯಾಪಾರ ಮಾಡುತ್ತಿದ್ದರು. ಹೊರಗಿನ ಚೆಸ್ಟ್‌ನಟ್ ಮರದ ತುದಿಗೆ ಏರಿಯಲ್ ತಂತಿ ಕಟ್ಟಿ, ಅಡುಗೆಮನೆ ಕಿಟಕಿಯ ಮೂಲೆಯಲ್ಲಿ ಕೊರೆದ ತೂತಿನಿಂದ ಒಳಗೆ ಎಳೆದಿದ್ದರು. ಯುದ್ಧದ ಕಾಲ. ಗೊರಗೊರ, ಕುಂಯ್‌ಕುಂಯ್ ಅಂತ ಸದ್ದು ಮಾಡಿ ಮಾಡಿ ರೇಡಿಯೋ ಇದ್ದಕ್ಕಿದ್ದಂತೆ ಬಿಬಿಸಿ ವಾರ್ತೆ ಹೇಳುತ್ತಿತ್ತು. ಸ್ವಲ್ಪ ದೊಡ್ಡವನಾದ ಮೇಲೆ ಹುಡುಗನಿಗೆ ವಾರ್ತೆ ಬೇಡ, ಪತ್ತೇದಾರಿ ಕಥೆ ಬೇಕು. ಸೋಫಾದ ಕೈ ಮೇಲೆ ಹತ್ತಿ ಕೂತು, ಸ್ಪೀಕರಿನ ಹತ್ತಿರ ಕಿವಿ ಒಯ್ದು ಕೇಳುತ್ತಿದ್ದ. ಹಾಗೆ ಹತ್ತಿರ ಹೋದಾಗ ಡಯಲ್ ಮೇಲಿನ ಊರುಗಳ ಹೆಸರು ಕಾಣುತ್ತಿತ್ತು. ಓಸ್ಲೋ, ಲೈಪ್‌ಜಿಗ್, ಸ್ಟಾಕ್‌ಹೋಮ್.

1995ರಲ್ಲಿ ನೊಬೆಲ್ ಬಂದಾಗ ಅದೇ ಸ್ಟಾಕ್‌ಹೋಮಿಗೆ ಹೋಗಿ ನಿಂತರು. ಭಾಷಣ ಶುರು ಮಾಡಿದ್ದೇ ಆ ಊರಿನ ಹೆಸರನ್ನು ಮೊದಲು ಕಂಡ ನೆನಪಿನಿಂದ. ಅದೇ ಭಾಷಣದಲ್ಲಿ ಕುಡಿಯುವ ನೀರಿನ ಬಕೆಟ್ ಒಂದು ಬರುತ್ತದೆ. ಹತ್ತಿರದಲ್ಲಿ ರೈಲು ಹೋದಾಗಲೆಲ್ಲ ನೆಲ ನಡುಗಿ, ಬಕೆಟ್ಟಿನ ನೀರಿನಲ್ಲಿ ಸದ್ದಿಲ್ಲದೆ ಒಂದರ ಸುತ್ತ ಒಂದು ಬಳೆಯಂಥ ಅಲೆ ಏಳುತ್ತಿತ್ತಂತೆ. ಜಗತ್ತೇ ಕೂತು ಕೇಳುವ ಸಭೆಯಲ್ಲಿ ಆ ಬಕೆಟ್ಟಿಗೂ ಜಾಗ ಕೊಟ್ಟರಲ್ಲ, ಅದಕ್ಕೇ ಈ ಕವಿ ನನಗೆ ಅಷ್ಟು ಇಷ್ಟ.

ಆ ಮನೆಯ ಹಿಂದೆ ಒಂದು ಕೈಪಂಪು ಇತ್ತು. ಐದು ಮನೆಯವರು ಅಲ್ಲಿಂದಲೇ ನೀರು ಹೊರುತ್ತಿದ್ದರು. ಹೆಂಗಸರು ಬರುವಾಗ ಖಾಲಿ ಬಕೆಟ್ ಗಲಗಲ ಅನ್ನುತ್ತಿದ್ದವು, ತುಂಬಿಸಿಕೊಂಡು ಹೋಗುವಾಗ ಸದ್ದೇ ಇಲ್ಲ. ಮೇಲೆ ಅಮೆರಿಕದ ಬಾಂಬರ್ ವಿಮಾನಗಳು ಹಾರಾಡುತ್ತಿದ್ದವು, ಕೆಳಗೆ ಪಂಪು ತನ್ನ ಪಾಡಿಗೆ ನೀರು ಕೊಡುತ್ತಿತ್ತು. ಗ್ರೀಕ್ ಭಾಷೆಯಲ್ಲಿ ಹೊಕ್ಕುಳಿಗೆ 'ಓಂಫಲೋಸ್' ಅನ್ನುತ್ತಾರೆ. ಆ ಮಾತನ್ನು ಮೂರ್ನಾಲ್ಕು ಸಲ ಸುಮ್ನೆ ಹೇಳಿ ನೋಡಿ, ಓಂಫಲೋಸ್, ಓಂಫಲೋಸ್, ಯಾರೋ ಪಂಪು ಒತ್ತುತ್ತಿರುವ ಹಾಗೇ ಕೇಳುತ್ತದೆ. ಇದು ನನ್ನ ಕಿವಿಗೆ ಹೊಳೆದದ್ದಲ್ಲ, ಹೀನಿ ಅವರೇ ಹೇಳಿಕೊಟ್ಟದ್ದು.

ಅಪ್ಪನಿಗೆ ಮಾತು ಕಮ್ಮಿ. ಐರ್ಲೆಂಡಿನ ಹಳ್ಳಿಗಳಲ್ಲಿ ಸುಗ್ಗಿ ಹೊತ್ತಿಗೆ ಗೋಧಿಹುಲ್ಲನ್ನು ಹೆಣೆದು, ಕುಣಿಕೆಯ ಹಾಗೆ ಸುತ್ತಿ, ಕೋಟಿಗೆ ಸಿಕ್ಕಿಸಿಕೊಳ್ಳುವ ಪದ್ಧತಿ ಇತ್ತು. ದನ ಅಟ್ಟುವ ಕೋಲು ಹಿಡಿಯುವ ಅದೇ ಕೈಯಿಂದ ಅಪ್ಪ ಅದನ್ನು ಹೆಣೆಯುತ್ತಿದ್ದರು. ಬಾಯಲ್ಲಿ ಆಡದ ಪ್ರೀತಿಯೆಲ್ಲ ಆ ಹುಲ್ಲಿನ ಗಂಟಿನಲ್ಲಿದೆ ಎಂದು ಮಗ ಮುಂದೆ ಒಂದು ಕವಿತೆ ಬರೆದರು. ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಇನ್ನು ಜವುಗು ನೆಲದ ಮಾತು. ಸಾವಿರಾರು ವರ್ಷ ಪಾಚಿ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತು ಆದ ನೆಲ ಅದು. ಇಟ್ಟಿಗೆಯ ಹಾಗೆ ಕೊಯ್ದು, ಒಣಗಿಸಿ, ಒಲೆಗೆ ಹಾಕುತ್ತಾರೆ. ಹೀನಿಯವರ ಅಜ್ಜ ಅದನ್ನು ಕೊಯ್ಯುವುದರಲ್ಲಿ ಗಟ್ಟಿಗ. ಅಜ್ಜನದು ಸಲಿಕೆ, ನನ್ನದು ಪೆನ್ನು, ನಾನು ಇದರಿಂದಲೇ ಅಗೆಯುತ್ತೇನೆ ಎಂಬ ಅರ್ಥದ ಕವಿತೆಯೇ 1966ರಲ್ಲಿ ಬಂದ ಅವರ ಮೊದಲ ದೊಡ್ಡ ಸಂಕಲನದ ಮೊದಲ ಪುಟದಲ್ಲಿದೆ. ಆ ನೆಲದೊಳಗೆ ಗಾಳಿ ಆಡುವುದಿಲ್ಲ, ಹುಳಿ ಜಾಸ್ತಿ, ಹಾಗಾಗಿ ಹೂತದ್ದು ಬೇಗ ಹಾಳಾಗುವುದಿಲ್ಲ. ಹಳೆಯ ಕಾಲದ ಬೆಣ್ಣೆ ಕೂಡ ಸಿಕ್ಕಿದೆ! 1950ರಲ್ಲಿ ಡೆನ್ಮಾರ್ಕಿನ ಇಂಥದೇ ನೆಲದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನ ಮನುಷ್ಯನೊಬ್ಬ, ಈಗಷ್ಟೇ ನಿದ್ದೆ ಹೋದವನ ಹಾಗೆ, ಗಡ್ಡದ ಕೂದಲೂ ಕಾಣುವಂತೆ ಸಿಕ್ಕಿದ. ಅವನ ಫೋಟೋ ನೋಡಿದ ಹೀನಿ, ಒಂದು ದಿನ ನಿನ್ನನ್ನು ನೋಡಲು ಬರುತ್ತೇನೆ ಎಂದು ಕವಿತೆಯಲ್ಲಿ ಬರೆದರು. 1973ರಲ್ಲಿ ಹೋಗಿ ನೋಡಿಯೂ ಬಂದರು.

ಚಿತ್ರಕಾರರ, ಹಾಡುಗಾರರ ಸ್ನೇಹವೆಂದರೆ ಅವರಿಗೆ ಹಬ್ಬ. ಜವುಗು ನೆಲದ ಒಂದು ಕವಿತೆಯನ್ನು ಚಿತ್ರಕಾರ ಟಿ. ಪಿ. ಫ್ಲಾನಗನ್ ಅವರಿಗೆ ಅರ್ಪಿಸಿದ್ದಾರೆ. ಲಿಯಮ್ ಓಫ್ಲಿನ್ ಜೊತೆ ವೇದಿಕೆ ಹತ್ತುತ್ತಿದ್ದರು, ಇವರು ಓದುವುದು, ಅವರು ಇಲನ್ ಪೈಪ್ಸ್ ನುಡಿಸುವುದು. ಕಂಕುಳಲ್ಲಿ ತಿದಿ ಇಟ್ಟು ಮೊಣಕೈಯಿಂದ ಒತ್ತಿ ಗಾಳಿ ತುಂಬುವ ವಾದ್ಯ ಅದು. ಐರಿಷ್ ಭಾಷೆಯಲ್ಲಿ 'ಇಲನ್' ಅಂದರೆ ಮೊಣಕೈಯ ಅಂತ, ಆ ಹೆಸರಿನಲ್ಲೇ ಮೊಣಕೈ ಇದೆ.

ಒಂದು ಮರದ ಸಂಗತಿ ಉಳಿದಿದೆ. ಹೀನಿ ಹುಟ್ಟಿದ ವರ್ಷ ಅವರ ಅತ್ತೆ ಒಂದು ಚೆಸ್ಟ್‌ನಟ್ ಬೀಜವನ್ನು ಜಾಮ್ ಬಾಟಲಿಯಲ್ಲಿ ನೆಟ್ಟರು. ಮೊಳಕೆ ಬಂದ ಮೇಲೆ ಬಾಟಲಿ ಒಡೆದು, ಮನೆ ಮುಂದಿನ ಬೇಲಿಯ ಹತ್ತಿರ ಇಟ್ಟರು. ಹುಡುಗನೂ ಮರವೂ ಒಟ್ಟಿಗೇ ಬೆಳೆದರು. ಹದಿನಾಲ್ಕರ ಆಸುಪಾಸಿನಲ್ಲಿ ಮನೆಯವರೆಲ್ಲ ಬೇರೆ ಕಡೆ ಹೋದರು. ಹೊಸದಾಗಿ ಬಂದವರು ಮರ ಕಡಿದರು. ಎಷ್ಟೋ ವರ್ಷ ಹೀನಿಗೆ ಅದರ ನೆನಪೇ ಬರಲಿಲ್ಲ. ಆಮೇಲೆ ಒಮ್ಮೆ ಬರತೊಡಗಿತು. ಕಣ್ಣೆದುರು ಬಂದದ್ದು ಮರವಲ್ಲ, ಮರ ಇದ್ದಿದ್ದರೆ ಎಷ್ಟು ಜಾಗ ತುಂಬಿರುತ್ತಿತ್ತೋ ಅಷ್ಟು ಖಾಲಿ ಜಾಗ, ಬೆಳಕಿನಿಂದ ತುಂಬಿದ್ದು.