ರಂಗೂನಿನಿಂದ ನಡೆದು ಬಂದವರು

ಕೇಳುಗರಿಗೆ ನಮಸ್ಕಾರ. ಯುದ್ಧ ಬಂದಾಗ ಜನ ಯಾಕೆ ಊರು ಬಿಡ್ತಾರೆ ಅಂತ ಕೇಳಿದ್ರೆ ಎಲ್ಲರೂ ಬಾಂಬಿಗೆ ಹೆದರಿ ಅಂತಾರೆ. ಅದು ಅರ್ಧ ಮಾತ್ರ ಮಾರಾಯ್ರೆ. ಬಾಂಬಿಗೆ ಹೆದರಿದವ ಎರಡು ದಿನ ಮಂಚದಡಿ ಕೂತಾನು, ಮೂರನೇ ದಿನವೂ ಅಂಗಡಿ ಬಾಗಿಲು ತೆಗೆಯದಿದ್ರೆ ಗಂಟು ಕಟ್ತಾನೆ. ಊರು ಬಿಡಿಸುವುದು ಮುಚ್ಚಿದ ಅಂಗಡಿ.

ಬರ್ಮಾದ, ಅಂದ್ರೆ ಈಗಿನ ಮ್ಯಾನ್ಮಾರಿನ, ರಂಗೂನ್ ಪೇಟೆ ನೋಡಿ. 1941ರ ಡಿಸೆಂಬರ್ 23ಕ್ಕೆ ಜಪಾನಿನವರು ಅಲ್ಲಿ ಬಾಂಬ್ ಹಾಕಿದ್ರು. ಆಗ ಆ ಪೇಟೆಯಲ್ಲಿ ಅರ್ಧದಷ್ಟು ಜನ ನಮ್ಮ ದೇಶದವರೇ, ಬಂದರಿನಲ್ಲಿ ಮೂಟೆ ಹೊರುವವರು, ಬೀದಿ ಗುಡಿಸುವವರು, ರಿಕ್ಷಾ ಎಳೆಯುವವರು. ಅವರು ಹೊರಟದ್ದೇ ತಡ, ಪೇಟೆ ನಿಂತಿತು.

ನನ್ನ ಅಜ್ಜನ ತಮ್ಮ ಅಲ್ಲಿ ಅಕ್ಕಿ ಮಿಲ್ಲಲ್ಲಿ ಲೆಕ್ಕ ಬರೀತಿದ್ರು. ಉಡುಪಿಗೆ ಬಂದ ಮೇಲೆ ಹೇಳ್ತಿದ್ರಂತೆ, ಬಾಂಬಿನ ಶಬ್ದ ಮರೆತುಹೋಯ್ತು, ಗುಡಿಸುವವರಿಲ್ಲದ ಬೀದಿಯ ವಾಸನೆ ಮರೆಯುದಿಲ್ಲ ಅಂತ. ಗೋದಾಮು ತುಂಬ ಅಕ್ಕಿ ಉಂಟು, ಹೊರುವವರಿಲ್ಲ! ಹಡಗಿನ ಟಿಕೆಟ್ ಸಿಗಲಿಲ್ಲ, ಒಂದು ಪ್ಯಾಂಟಿನ ಎರಡೂ ಕಾಲಿಗೆ ಗಂಟು ಹಾಕಿ ಅದರಲ್ಲಿ ಅಕ್ಕಿ ತುಂಬಿ ಹೆಗಲಿಗೆ ಹಾಕ್ಕೊಂಡು ನಡೆದೇಬಿಟ್ರು, ಪ್ರೋಮ್‌ವರೆಗೆ, ಅಲ್ಲಿಂದ ಐರಾವತಿ ನದಿ ದಾಟಿ ಅರಕಾನ್ ಗುಡ್ಡ ಹತ್ತಿ ಟೌಂಗಪ್, ಆ ದಾರೀಲಿ ನೀರಿಲ್ಲ, ಕಾಲರಾ, ಜೊತೆಯವರಲ್ಲಿ ಬೆಳಿಗ್ಗೆ ಯಾರು ಎದ್ದರು ಯಾರು ಏಳಲಿಲ್ಲ ಅಂತ ಎಣಿಸುವುದನ್ನೇ ಬಿಟ್ಟಿದ್ರಂತೆ. ಉಂಗುರ ಕೊಟ್ಟು ಒಂದು ಚೆಂಬು ನೀರು ತಗೊಂಡ್ರಂತೆ. ಮತ್ತೆ ದೋಣಿ, ಚಿತ್ತಗಾಂಗ್, ರೈಲು. ಆ ಪ್ಯಾಂಟು ಮನೆವರೆಗೂ ಬಂತು. ಅಜ್ಜಿ ಅದನ್ನು ಹರಿದು ಮಸಿಬಟ್ಟೆ ಮಾಡಿದ್ರು! ಈಗ ಇದ್ದಿದ್ರೆ ಮ್ಯೂಸಿಯಮ್ಮಿಗೆ ಕೊಡಬಹುದಿತ್ತು, ನನಗೆ ಇವತ್ತಿಗೂ ಆ ಸಿಟ್ಟು ಉಂಟು.

ಅಯ್ಯೋ, ಗಾಜಿನಾಚೆಯಿಂದ ಗಡಿಯಾರ ತೋರಿಸ್ತಿದ್ದಾರೆ.

ಹೀಗೆ ಬರ್ಮಾ ಬಿಟ್ಟವರು 4 ಲಕ್ಷಕ್ಕೂ ಹೆಚ್ಚು, ಮಣಿಪುರದ ಕಡೆಗೂ ಅಸ್ಸಾಮಿನ ಲೇಡೋ ಕಡೆಗೂ ಕಾಡಿನಲ್ಲೇ ನಡೆದ್ರು, ಸಾವಿರಗಟ್ಟಲೆ ಜನ ದಾರೀಲೇ ತೀರಿಹೋದ್ರು. ಯುದ್ಧ ಮುಗಿದ ಮೇಲೆ ಕೆಲವರು ವಾಪಸ್ ಹೋದ್ರು, ಅಂಗಡಿ ತೆರೆದ್ರು. 1962ರಲ್ಲಿ ಅಲ್ಲಿ ಮಿಲಿಟರಿ ಸರ್ಕಾರ ಬಂತು, ಅಂಗಡಿಗಳನ್ನೆಲ್ಲ ಸರ್ಕಾರವೇ ತಗೊಂಡಿತು, 1964ರಲ್ಲಿ ದೊಡ್ಡ ನೋಟು ರದ್ದು. ಒಂದು ಬಾಂಬೂ ಬೀಳಲಿಲ್ಲ, ಮತ್ತೆ ಸುಮಾರು 3 ಲಕ್ಷ ಜನ ಹೊರಟ್ರು. ಚೆನ್ನೈಯಲ್ಲಿ ಬರ್ಮಾ ಬಜಾರ್ ಅಂತ ಉಂಟಲ್ಲ, ಅದು ಇವರೇ ಹಾಕಿದ ಅಂಗಡಿಗಳು. ಆ ಕಡೆ ಹೋದ್ರೆ ಅತ್ತೋ ಅಂತ ಒಂದು ನೂಡಲ್ಸ್ ಸಿಗ್ತದೆ, ತಿಂದು ನೋಡಿ. ನಮಸ್ಕಾರ.