ಬಸ್ರೂರಿಗೆ ದೋಣಿ ಬಿಡಿ

ನಮಸ್ಕಾರ. ಇವತ್ತು ಒಂದು ತಕರಾರು ತಂದಿದ್ದೇನೆ. ನಮ್ಮ ಮಂಗಳೂರು, ಉಡುಪಿಯ ಕಡೆ ನದಿ ಪ್ರವಾಸ ಎಂದರೆ ಏನು? ಲೈಫ್ ಜಾಕೆಟ್ ತೊಡಿಸಿ ಕೂರಿಸುತ್ತಾರೆ, ಅಳಿವೆಯ ತನಕ ಒಂದು ಸುತ್ತು ಹೊಡೆಸುತ್ತಾರೆ, ಕಾಂಡ್ಲಾ ಗಿಡಗಳ ಮುಂದೆ ಫೋಟೊ ಆಗುತ್ತದೆ, ಹತ್ತಿದಲ್ಲೇ ಇಳಿಸುತ್ತಾರೆ. ಯಾವ ಊರಿಗೂ ಹೋಗದ ಪ್ರಯಾಣಕ್ಕೆ ಟಿಕೆಟ್ ಕೊಂಡು ಮನೆಗೆ ಬರುತ್ತೇವೆ.

ಬೇರೆ ಕಡೆ ಹೀಗಿಲ್ಲ. ಇಂಗ್ಲೆಂಡಿನ ಡಿವೈಜಸ್ ಪಟ್ಟಣದ ಬಳಿ ದೋಣಿ ಕಾಲುವೆಯೊಂದು ಹತ್ತುವ ಕೇನ್ ಹಿಲ್ ಎಂಬ ಏರು ಇದೆ. ಅಲ್ಲಿ ಸುಮಾರು 3 ಕಿಲೋಮೀಟರಿನೊಳಗೆ 29 ಲಾಕ್‌ಗಳು ದೋಣಿಯನ್ನು 72 ಮೀಟರ್ ಮೇಲಕ್ಕೆ ಹತ್ತಿಸುತ್ತವೆ. ಲಾಕ್ ಎಂದರೆ ಎರಡೂ ತುದಿಗೆ ಬಾಗಿಲಿರುವ ಒಂದು ಕೋಣೆ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ ಮೇಲ್ಗಡೆಯ ಕಿಂಡಿ ತೆರೆದರೆ ಸಾಕು, ನೀರು ತಾನಾಗಿ ನುಗ್ಗಿ ದೋಣಿಯನ್ನು ಎತ್ತುತ್ತದೆ. ಒಳಗೂ ಹೊರಗೂ ನೀರು ಸಮವಾಗುವ ತನಕ ಮುಂದಿನ ಬಾಗಿಲನ್ನು ಯಾವ ಪೈಲ್ವಾನನೂ ತೆರೆಯಲಾರ. ನೀರಿನ ಒತ್ತಡವೇ ಅದನ್ನು ಅದುಮಿ ಹಿಡಿದಿರುತ್ತದೆ. ಹಿಡಿಕೆ ತಿರುಗಿಸುವುದು, ಬಾಗಿಲು ದೂಡುವುದು ಎಲ್ಲ ಸಾಮಾನ್ಯವಾಗಿ ಪ್ರವಾಸಿಗರದೇ ಕೆಲಸ. ಈ ಏರು ಹತ್ತಲು ಐದಾರು ಗಂಟೆ ಬೇಕು. ನಡೆದರೆ ಒಂದು ಗಂಟೆಯೂ ಬೇಡ!

ಹೀಗಿದ್ದೂ ಜನ ಅಲ್ಲಿಗೆ ಹೋಗುತ್ತಾರೆ. ಏಕೆಂದರೆ ಲಾಕ್ ನಿಮ್ಮನ್ನು ನಿಲ್ಲಿಸುತ್ತದೆ. ನಿಂತವರು ದಡಕ್ಕೆ ಇಳಿಯುತ್ತಾರೆ, ಪಕ್ಕದ ದೋಣಿಯವರೊಡನೆ ಹರಟುತ್ತಾರೆ, ಹಸಿವಾದರೆ ಊರೊಳಗೆ ಹೋಗಿ ಉಣ್ಣುತ್ತಾರೆ. ಆ ಕಾಲುವೆಗಳಲ್ಲಿ ವೇಗದ ಮಿತಿಯೇ ಗಂಟೆಗೆ ಸುಮಾರು 6 ಕಿಲೋಮೀಟರ್.

ನಮಗೆ ಊರುಗಳ ಬರವೇ? ವಾರಾಹಿ ದಡದ ಬಸ್ರೂರನ್ನು ಪೋರ್ಚುಗೀಸರು 1569ರಲ್ಲಿ ವಶಪಡಿಸಿಕೊಂಡರು; 1665ರಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ಲೂಟಿ ಮಾಡಿದ. ದೋಚಲು ಅಷ್ಟು ದೂರದಿಂದ ಬರುತ್ತಿದ್ದರೆಂದರೆ ಅಲ್ಲಿನ ಪೇಟೆ ಎಂಥದ್ದಿರಬೇಕು! ಸೀತಾ ನದಿಯ ಬಾರಕೂರು ತುಳುನಾಡನ್ನು ಆಳಿದ ಆಳುಪರ ರಾಜಧಾನಿ. ಬಂಟ್ವಾಳವಂತೂ ಘಟ್ಟದ ಕಾಫಿ ಎತ್ತಿನ ಗಾಡಿಯಿಂದ ಇಳಿದು ನೇತ್ರಾವತಿಯ ದೋಣಿ ಹತ್ತುತ್ತಿದ್ದ ಊರು. ಈಗ ಈ ಮೂರಕ್ಕೂ ನಾವು ರಸ್ತೆಯಲ್ಲಿ ಹೋಗಿ ಹಿಂಬಾಗಿಲಿನಿಂದ ಒಳಹೊಕ್ಕು, ಮುಂಬಾಗಿಲನ್ನು ನೋಡದೆ ಬರುತ್ತೇವೆ.

ಹಾಗಾದರೆ ನೇತ್ರಾವತಿಗೂ ಲಾಕ್ ಕಟ್ಟೋಣವೇ? 2016ರ ಕಾಯಿದೆಯಲ್ಲಿ ಅದು ರಾಷ್ಟ್ರೀಯ ಜಲಮಾರ್ಗವಾಗಿದೆ ನಿಜ, ಆದರೆ ನಾನು ಬೇಡ ಎನ್ನುತ್ತೇನೆ. ಮಂಗಳೂರಿಗೆ ಕುಡಿಯುವ ನೀರು ಕೊಡುವ ತುಂಬೆಯ ಕಿಂಡಿ ಅಣೆಕಟ್ಟಿನ ಪಕ್ಕ 20 ಮೀಟರ್ ಉದ್ದ, 5 ಮೀಟರ್ ಅಗಲದ ಒಂದು ಕೋಣೆ ಕಟ್ಟಿದಿರೆಂದುಕೊಳ್ಳಿ. 3 ಮೀಟರ್ ಏರಿಳಿತಕ್ಕೆ ಪ್ರತಿ ಬಾರಿ 3 ಲಕ್ಷ ಲೀಟರ್ ನೀರು ಕೆಳಕ್ಕೆ ಹೋಗುತ್ತದೆ. ಮಂಗಳೂರಿನ ನಲ್ಲಿಗಳಿಗೆ ಸರದಿಯ ಮೇಲೆ ನೀರು ಬಿಡುವ ಏಪ್ರಿಲ್, ಮೇ ತಿಂಗಳಲ್ಲಿ ಇದನ್ನು ಯಾರು ಒಪ್ಪುತ್ತಾರೆ? ಫ್ರಾನ್ಸಿನಲ್ಲಿ 1681ರಲ್ಲಿ ಮುಗಿದ ಕನಾಲ್ ದು ಮಿದಿ ಎಂಬ ಕಾಲುವೆಗೂ ಇದೇ ತಲೆನೋವಿತ್ತು. ಅದನ್ನು ಕಟ್ಟಿಸಿದ ರಿಕೆ, ಕಾಲುವೆಯ ಅತಿ ಎತ್ತರದ ಭಾಗಕ್ಕೆ ನೀರುಣಿಸಲೆಂದೇ ಬೆಟ್ಟದ ತೊರೆಗಳನ್ನು ತಿರುಗಿಸಿ ಸೇಂಟ್ ಫೆರಿಯೋಲ್ ಜಲಾಶಯ ಕಟ್ಟಿಸಬೇಕಾಯಿತು.

ನಮಗೆ ಆ ಖರ್ಚೇ ಇಲ್ಲ. ಇಲ್ಲಿ ಬಾಗಿಲು ಕಾಯುವುದು ಸಮುದ್ರ. ಅಳಿವೆಯ ಗಂಗೊಳ್ಳಿಯಿಂದ ಉಬ್ಬರದ ಜೊತೆ ಹೊರಟ ದೋಣಿ ಬಸ್ರೂರಿನಲ್ಲಿ ನಿಲ್ಲಲಿ, ಇಳಿತ ಹಿಡಿದ ಮೇಲೆ ಮರಳಲಿ. ನಡುವಿನ ಹೊತ್ತು ಪ್ರಯಾಣಿಕರು ದೇವಸ್ಥಾನ, ಹಳೆಯ ಬೀದಿ ನೋಡಲೇಬೇಕು, ಊಟ ಮಾಡಲೇಬೇಕು. ದೋಣಿಯವನನ್ನು ಅವಸರಪಡಿಸಿದರೆ ಅವನು ನೀರಿನತ್ತ ಕೈ ತೋರಿಸಿಯಾನು. ಮಳೆಗಾಲದಲ್ಲಿ ಬೇಡ, ಆಗ ನದಿಗೆ ನಮ್ಮ ಹಂಗಿಲ್ಲ.

ಇದಕ್ಕೆ ಬೇಕಾದದ್ದು ಜಾರದ ಮೆಟ್ಟಿಲಿರುವ ಒಂದು ಕಡವು, ಉಬ್ಬರ ನೋಡಿ ಬರೆದ ವೇಳಾಪಟ್ಟಿ, ಊರಿನ ಕಥೆ ಹೇಳಬಲ್ಲ ಒಬ್ಬ ಸ್ಥಳೀಯ. ಜೊತೆಗೆ ಒಂದು ಶೌಚಾಲಯ, ಅದನ್ನು ಯಾರೂ ಯೋಜನೆಯಲ್ಲಿ ಬರೆಯುವುದಿಲ್ಲ. ಸ್ಪೀಡ್ ಬೋಟಿಗೆ ಟೆಂಡರ್ ಕರೆಯುವ ಮೊದಲು ಯಾರಾದರೂ ಈ ಲೆಕ್ಕವನ್ನೂ ಹಾಕಿ ನೋಡಲಿ.