ಹೆಸರೆತ್ತದೆ ಹೇಳಿದ್ದು: ರಂಗಭೂಮಿ ಮತ್ತು ಸಂಗೀತದಲ್ಲಿ ನಿಷಿದ್ಧ ವಸ್ತುಗಳು

(ದೃಶ್ಯ: ಕತ್ತಲೆ. ನಿಧಾನವಾಗಿ ಬೆಳಗುವ ಪ್ರಾಚೀನ ಗ್ರೀಕ್ ರಂಗಮಂದಿರ.)

ನಮಸ್ಕಾರ. ಸಮಾಜ ಬಾಯಿಬಿಟ್ಟು ಆಡಲೊಲ್ಲದ ಸಂಗತಿಗಳನ್ನು ನಾಟಕಕಾರರೂ ಗಾಯಕರೂ ಜನರ ಮುಂದಿಟ್ಟದ್ದು ಹೇಗೆ ಎಂಬುದನ್ನು ಇಂದು ನೋಡೋಣ.

ಪ್ರಾಚೀನ ಗ್ರೀಕ್ ನಾಟಕಕಾರ ಸೊಫೋಕ್ಲಿಸನ ನಾಟಕದ ದೊರೆ ಈಡಿಪಸ್ ತಿಳಿಯದೆಯೇ ತಂದೆಯನ್ನು ಕೊಂದು, ತಾಯಿಯನ್ನು ವರಿಸಿದವನು. ನಿಜ ಬಯಲಾದಾಗ ತಾಯಿಯೂ ಹೆಂಡತಿಯೂ ಆದ ರಾಣಿ ನೇಣು ಹಾಕಿಕೊಳ್ಳುವುದಾಗಲಿ, ದೊರೆ ಅವಳ ಉಡುಪಿನ ಚಿನ್ನದ ಪಿನ್ನುಗಳನ್ನು ಕಿತ್ತು ತನ್ನ ಕಣ್ಣಿಗೆ ಚುಚ್ಚಿಕೊಳ್ಳುವುದಾಗಲಿ ರಂಗದ ಮೇಲೆ ನಡೆಯುವುದಿಲ್ಲ. ಅರಮನೆಯೊಳಗಿಂದ ಬಂದ ದೂತನೊಬ್ಬ ಅದನ್ನೆಲ್ಲ ಬಣ್ಣಿಸುತ್ತಾನೆ. ಕೇಳುವವರು ಆ ಭೀಕರತೆಯನ್ನು ತಮ್ಮ ಮನಸ್ಸಿನಲ್ಲೇ ಕಟ್ಟಿಕೊಳ್ಳಬೇಕಾಗುತ್ತದೆ. ರಕ್ತವನ್ನು ಎದುರಿಗೇ ತೋರಿಸುವುದಕ್ಕಿಂತ ಇದು ಹೆಚ್ಚು ಕಟುವೆಂದು ನನಗನ್ನಿಸುತ್ತದೆ.

(ದೃಶ್ಯ: 19ನೆಯ ಶತಮಾನದ ಮನೆಯ ಹಜಾರ, ಕಿಟಕಿಯಾಚೆ ಮಳೆ.)

ನಾರ್ವೆಯ ನಾಟಕಕಾರ ಇಬ್ಸನ್ 1881ರಲ್ಲಿ ಪ್ರಕಟಿಸಿದ 'ಘೋಸ್ಟ್ಸ್' ನಾಟಕದಲ್ಲಿ ತಂದೆಯ ಸ್ವೇಚ್ಛಾಚಾರದ ಫಲವಾದ ಸಿಫಿಲಿಸ್ ಎಂಬ ಲೈಂಗಿಕ ರೋಗ ಮಗನನ್ನು ಕೊಲ್ಲುತ್ತಿದೆ; ಆದರೆ ಇಡೀ ನಾಟಕದಲ್ಲಿ ಆ ರೋಗದ ಹೆಸರನ್ನು ಒಬ್ಬರೂ ಎತ್ತುವುದಿಲ್ಲ. ಹಾಗಿದ್ದರೂ ನಾಟಕ ಮೊದಲು ರಂಗಕ್ಕೇರಿದ್ದು ಲೇಖಕನ ನಾಡಿನಲ್ಲಲ್ಲ, 1882ರಲ್ಲಿ, ಸಾಗರದಾಚೆಯ ಶಿಕಾಗೊದಲ್ಲಿ. 1737ರಿಂದ 1968ರವರೆಗೆ ನಾಟಕಗಳ ಮೇಲೆ ಸರ್ಕಾರಿ ಸೆನ್ಸಾರ್ ಇದ್ದ ಇಂಗ್ಲೆಂಡಿನಲ್ಲಂತೂ 1891ರಲ್ಲಿ ಅದನ್ನು ಖಾಸಗಿ ಪ್ರದರ್ಶನವೆಂದು ಆಡಿಸಬೇಕಾಯಿತು.

ಮಾತಿಗೆ ಕತ್ತರಿ ಹಾಕಬಹುದು, ಸ್ವರಕ್ಕೆ ಹಾಕುವುದು ಕಷ್ಟ. ಆದರೂ ಜರ್ಮನ್ ಸಂಗೀತಗಾರ ರಿಚರ್ಡ್ ಸ್ಟ್ರಾಸ್‌ನ 'ಸಲೋಮೆ' ಆಪೆರಾದಲ್ಲಿ, ಅಂದರೆ ಹಾಡಿನಲ್ಲೇ ನಡೆಯುವ ನಾಟಕದಲ್ಲಿ, ನಾಯಕಿಯು ಕಡಿದುಹಾಕಿದ ತಲೆಯೊಂದರ ತುಟಿಗೆ ಮುತ್ತಿಡುವುದನ್ನು ನ್ಯೂಯಾರ್ಕ್ ಸಹಿಸಲಿಲ್ಲ. 1907ರಲ್ಲಿ ಅಲ್ಲಿನ ಮೆಟ್ರೊಪಾಲಿಟನ್ ಆಪೆರಾ ಸಂಸ್ಥೆ ಒಂದೇ ಪ್ರದರ್ಶನಕ್ಕೆ ಅದನ್ನು ನಿಲ್ಲಿಸಿತು.

(ದೃಶ್ಯ: ಮಂದ ಬೆಳಕಿನ ಕ್ಲಬ್, ಒಂಟಿ ಮೈಕ್.)

ಅದೇ ನಗರದಲ್ಲಿ 1939ರಲ್ಲಿ ಜಾಝ್ ಗಾಯಕಿ ಬಿಲ್ಲಿ ಹಾಲಿಡೇ 'ಸ್ಟ್ರೇಂಜ್ ಫ್ರೂಟ್' (ವಿಚಿತ್ರ ಹಣ್ಣು) ಹಾಡಿದರು. ಅದು ಅಮೆರಿಕದಲ್ಲಿ ಕಪ್ಪು ಜನರನ್ನು ಗುಂಪುಗೂಡಿ ಕೊಂದು ಮರಕ್ಕೆ ನೇತುಹಾಕುತ್ತಿದ್ದ ಕ್ರೌರ್ಯದ ಹಾಡು. ಶಾಲಾ ಶಿಕ್ಷಕರಾಗಿದ್ದ ಏಬಲ್ ಮೀರೊಪೋಲ್ ಬರೆದ ಆ ಸಾಲುಗಳಲ್ಲಿ ಕೊಲೆ ಎಂಬ ಪದವಿಲ್ಲ. ಅದರ ಬದಲು ಮರದಿಂದ ತೂಗುವ ವಿಚಿತ್ರ ಹಣ್ಣಿದೆ. ಹಾಲಿಡೇ ಅವರ ರೆಕಾರ್ಡ್ ಕಂಪನಿಯಾದ ಕೊಲಂಬಿಯಾ ಅದನ್ನು ರೆಕಾರ್ಡ್ ಮಾಡಲು ಒಪ್ಪದಿದ್ದಾಗ ಕೊಮೊಡೋರ್ ಎಂಬ ಸಣ್ಣ ಸಂಸ್ಥೆ ಮುಂದೆ ಬಂತು.

ಹಾಲಿಡೇ ಹಾಡುತ್ತಿದ್ದ ಕೆಫೆ ಸೊಸೈಟಿ ಕ್ಲಬ್ಬಿನಲ್ಲಿ ಈ ಹಾಡಿಗೆಂದೇ ಒಂದು ಕ್ರಮವಿತ್ತು. ಹಾಡು ಶುರುವಾಗುವ ಮುನ್ನ ಸಪ್ಲೈಯರುಗಳು ಸರಬರಾಜು ನಿಲ್ಲಿಸುತ್ತಿದ್ದರು. ದೀಪಗಳೆಲ್ಲ ಆರಿ, ಗಾಯಕಿಯ ಮುಖದ ಮೇಲೆ ಮಾತ್ರ ಬೆಳಕು ಉಳಿಯುತ್ತಿತ್ತು. ಕೊನೆಯ ಸ್ವರಕ್ಕೆ ಆ ಬೆಳಕೂ ಆರುತ್ತಿತ್ತು. ಮತ್ತೆ ದೀಪ ಹೊತ್ತಿದಾಗ ವೇದಿಕೆ ಬರಿದಾಗಿರುತ್ತಿತ್ತು. ಎಷ್ಟೇ ಚಪ್ಪಾಳೆ ಬಿದ್ದರೂ ಅವರು ಮರಳಿ ಬರುತ್ತಿರಲಿಲ್ಲ.